ಸಂಪಿನ ಗುಂಡಿಯಲ್ಲಿ ಸಿಕ್ಕ ಚರಂಡಿ

ಬೀದಿಯವರೆಲ್ಲ ಅವನನ್ನು ಮಣ್ಣಪ್ಪ ಎನ್ನುತ್ತಿದ್ದರು. ಸಂಜೆ ಬಸ್ಸಿಳಿದು ಬರುವಾಗ ತಲೆಯಿಂದ ಚಪ್ಪಲಿಯವರೆಗೆ ಮಣ್ಣು ಮೆತ್ತಿಕೊಂಡಿರುತ್ತಿದ್ದದ್ದರಿಂದ ಬಂದ ಬಿರುದು ಅದು. ಪುರಾತತ್ವದಲ್ಲಿ ಡಾಕ್ಟರೇಟ್ ಪಡೆದು ಇಲಾಖೆಯ ಉತ್ಖನನಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಅಗೆದ ದಿನ ಕೂಲಿ, ಮಳೆ ಬಂದ ದಿನ ಬರೀ ಮಳೆ. ಎಂದೋ ಸತ್ತ ರಾಜರು ಏನು ಉಣ್ಣುತ್ತಿದ್ದರೆಂದು ಗಡಿಗೆಯ ಚೂರು ನೋಡಿ ಹೇಳಬಲ್ಲವನಾಗಿದ್ದ. ನಾಳೆ ತನ್ನ ಮನೆಯಲ್ಲಿ ಏನು ಬೇಯುತ್ತದೆಂಬುದು ಮಾತ್ರ ಹೆಂಡತಿಯ ಹೊಲಿಗೆ ಯಂತ್ರಕ್ಕೇ ಗೊತ್ತು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಅಗೆತ ನಿಂತಿತು, ಬಾಡಿಗೆಯೂ ನಿಂತಿತು. ಬಿಸಿಲು ಬಿದ್ದ ಮೊದಲ ದಿನವೇ ಮನೆ ಓನರ್ ಬಾಗಿಲಿಗೆ ಬಂದ. ಹಾರ್ಡ್‌ವೇರ್ ಅಂಗಡಿ ನಡೆಸಿದ ಮನುಷ್ಯ. ಯಾವ ವಸ್ತು ಯಾವುದಕ್ಕೆ ಒದಗೀತೆಂದು ಕಂಡ ಕೂಡಲೇ ಅಳೆಯುತ್ತಿದ್ದ.

"ಡಾಕ್ಟ್ರೇ, ನಿಮಗೆ ಹೇಗಿದ್ರೂ ಅಗೆಯೋದು ಕೈಬಂದ ಕೆಲಸ. ಹಿತ್ತಿಲಲ್ಲಿ ನೀರಿನ ಸಂಪಿಗೆ ಒಂದು ಗುಂಡಿ ತೆಗೆದುಕೊಡಿ. ಬಾಡಿಗೆ ಮಾತು ಆಮೇಲೆ ನೋಡೋಣ."

ಮಣ್ಣಪ್ಪ ಅವಮಾನ ನುಂಗಿಕೊಂಡು ಒಪ್ಪಿದ. ಆದರೆ ಕಲಿತ ಕೈ ಸುಮ್ಮನಿದ್ದೀತೇ? ನಾಲ್ಕು ಮೂಲೆಗೆ ಗೂಟ ನೆಟ್ಟು ದಾರ ಎಳೆದ, ಕರಣೆಯಿಂದ ಪದರ ಪದರವಾಗಿ ಕೆರೆದ, ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿದ. ಓನರ್ ಬಾಲ್ಕನಿಯಲ್ಲಿ ಚಹಾ ಹೀರುತ್ತ ಕೂಗಿದ: "ಗುಂಡಿ ತೋಡ್ತಿದೀರೋ, ನೆಲಕ್ಕೆ ಕ್ಷೌರ ಮಾಡ್ತಿದೀರೋ?"

ಸೊಂಟದಾಳಕ್ಕೆ ಇಳಿದಾಗ ಕರಣೆ ಠಣ್ಣೆಂದಿತು. ಈ ಕಾಲದಲ್ಲಿ ಯಾರೂ ಸುಡದಂಥ ಅಗಲವಾದ ಇಟ್ಟಿಗೆಗಳ ಸಾಲು. ಅದರ ಪಕ್ಕದಲ್ಲೇ ಕಲ್ಲು ಹಾಸಿದ ಕಾಲುವೆ. ಮಣ್ಣಪ್ಪ ಗುಂಡಿಯಲ್ಲೇ ಕುಳಿತು ಅಂಗೈಯಿಂದ ಕಲ್ಲಿನ ಮೇಲಿನ ಮಣ್ಣು ಒರೆಸಿದ. ಆಮೇಲೆ ಊರಿಗೆ ಕೇಳುವಂತೆ ಹೆಂಡತಿಯನ್ನು ಕೂಗಿದ. ಅವಳು ಬಾಯಲ್ಲಿ ಕಚ್ಚಿದ ದಾರದೊಂದಿಗೇ ಓಡಿ ಬಂದಳು.

"ಏನ್ರೀ, ಚಿನ್ನವಾ?"

"ಚರಂಡಿ ಕಣೇ! ಎಂಥಾ ಚರಂಡಿ ನೋಡು!"

"ಮನೆ ಮುಂದೆ ಒಂದು ಹರೀತಾನೇ ಇದೆ. ಅದನ್ನ ನೋಡಿ ನೀವು ಒಂದಿನಾನೂ ಇಷ್ಟು ಖುಷಿಪಡಲಿಲ್ಲ."

ಗದ್ದಲ ಕೇಳಿ ಓನರ್ ಇಳಿದು ಬಂದ. ಇಟ್ಟಿಗೆ ನೋಡಿದ್ದೇ ಅವನ ಮುಖ ಬಿಳುಚಿತು. ಇಲಾಖೆಗೆ ಸುಳಿವು ಸಿಕ್ಕರೆ ಹಿತ್ತಿಲು ತನ್ನದಾಗಿ ಉಳಿಯದೆಂದು ಅವನಿಗೆ ಗೊತ್ತಿತ್ತು. ದನಿ ತಗ್ಗಿಸಿ ಹೇಳಿದ: "ಮುಚ್ಚಿಬಿಡಿ ಡಾಕ್ಟ್ರೇ. ವರ್ಷಪೂರ್ತಿ ಬಾಡಿಗೆ ಕೇಳಲ್ಲ."

ಹೆಂಡತಿ ಗಂಡನನ್ನೇ ನೋಡಿದಳು. ಮಣ್ಣಪ್ಪ ತಬ್ಬಿಬ್ಬಾದ. ಅವನ ವಿದ್ಯೆಗೆ ಈವರೆಗೆ ಯಾರೂ ಕಟ್ಟದ ಬೆಲೆಯನ್ನು, ಆ ವಿದ್ಯೆಯನ್ನು ಹೂಳುವುದಕ್ಕೆ ಓನರ್ ಕಟ್ಟಿದ್ದ! ಮಣ್ಣಪ್ಪ ಕೈ ತೊಳೆದು, ಇದ್ದುದರಲ್ಲಿ ಚೆನ್ನಾದ ಅಂಗಿ ತೊಟ್ಟು ಸೀದಾ ಇಲಾಖೆಗೆ ಹೋದ.

ಮರುದಿನ ನಿರ್ದೇಶಕರು ಫೋಟೋದವರ ಹಿಂಡು ಕಟ್ಟಿಕೊಂಡು ಬಂದರು. ಹೊಳೆಯುವ ಬೂಟು ಹಾಕಿಕೊಂಡು ಆ ಚರಂಡಿಯ ಮೇಲೆಯೇ ನಿಂತು ನಕ್ಕರು. 'ನಿರ್ದೇಶಕರ ಮಹಾಶೋಧ' ಎಂದು ಪತ್ರಿಕೆಯಲ್ಲಿ ಬಂತು. ಚಿತ್ರದ ಅಂಚಿನಲ್ಲಿ ಮಣ್ಣಪ್ಪನ ಮೊಣಕೈಯೂ ಬಂತು.

"ಸಾರ್, ಇಲ್ಲಿಯ ಉತ್ಖನನ ನನಗೇ ಕೊಡ್ತೀರಲ್ವಾ?" ಎಂದು ಅವನು ಕೇಳಿದ.

"ನಿಮಗಲ್ಲದೆ ಇನ್ಯಾರಿಗ್ರೀ? ಹಣ ಮಂಜೂರಾಗಲಿ, ಕರೀತೀವಿ. ಅಲ್ಲೀತನಕ ಕಾವಲುಗಾರ ನೋಡ್ಕೋತಾನೆ."

ಕಾವಲುಗಾರನದು ಕಾಯಂ ನೌಕರಿ. ಸಂಬಳ ಮಣ್ಣಪ್ಪನದಕ್ಕಿಂತ ಜಾಸ್ತಿ, ಮೇಲೆ ಕುರ್ಚಿ ಬೇರೆ. ಓನರ್ ಅಂದೇ ಮನೆ ಖಾಲಿ ಮಾಡಿಸಿದ.

ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲವನ್ನೂ ತಳ್ಳುಗಾಡಿಗೆ ಏರಿಸುವ ಹೊತ್ತಿಗೆ ಮೋಡ ಕವಿಯಿತು. ಮಣ್ಣಪ್ಪ ಹಗ್ಗ ಬಿಗಿಯುವುದನ್ನು ಬಿಟ್ಟು ಹಿತ್ತಿಲಿಗೆ ಓಡಿದ. "ಏನಪ್ಪಾ, ನೀರು ನುಗ್ಗಿದ್ರೆ ಇಟ್ಟಿಗೆ ಕುಸಿಯುತ್ತೆ. ಟಾರ್ಪಾಲು ಹೊದಿಸು!"

"ಅದು ನನ್ನ ಕೆಲಸ ಅಲ್ಲ ಸಾರ್, ನಾನು ಕಾಯೋನು ಅಷ್ಟೆ. ಅಗೋ ಅಲ್ಲಿದೆ, ಬೇಕಾದ್ರೆ ನೀವೇ ಹೊದಿಸಿ," ಎಂದ ಕಾವಲುಗಾರ, ಕುರ್ಚಿಯಿಂದ ಏಳದೆ.

ಮಣ್ಣಪ್ಪ ಟಾರ್ಪಾಲು ಹಾಸಿ, ಮೂಲೆಮೂಲೆಗೂ ಕಲ್ಲು ಹೇರಿ, ಅಂಚಿಗೆ ಮಣ್ಣಿನ ಕಟ್ಟೆ ಕಟ್ಟತೊಡಗಿದ. ಹಾಸಿಗೆಗಳು ತಳ್ಳುಗಾಡಿಯಲ್ಲಿ ನೆನೆಯತೊಡಗಿದವು. ಹೆಂಡತಿ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಕೂಲಿ ಇಲ್ಲ ಅಂದ್ರೆ ಸಾಕು, ಎಷ್ಟು ಮುತುವರ್ಜಿ ನಿಮಗೆ!" ಎಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಹಾರುತ್ತಿದ್ದ ಟಾರ್ಪಾಲಿನ ತುದಿಯನ್ನು ಬೈಯುತ್ತಲೇ ಅದುಮಿ ಹಿಡಿದಳು.