ಪೋಷಕರ ಸಹಿ

ಉಗುರಿನ ಸಂದಿಯಲ್ಲಿ ಕೂತಿದ್ದ ಪ್ಲಾಸ್ಟರು ಮೂರನೆಯ ಸಲ ಉಜ್ಜಿದರೂ ಬಿಡಲಿಲ್ಲ. ಟೀಚರು ಬ್ರಷ್ಷನ್ನು ಬಿಸಿನೀರಿನ ಬೋಗುಣಿಗೆ ಅದ್ದಿ, ತಣ್ಣಗಾಗಿದ್ದ ಆ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಮತ್ತೆ ಶುರುಮಾಡಿದರು.

"ಬಿಡಿ ಟೀಚರಮ್ಮ," ಎಂದಳು ಪಾಲಿಶ್. "ಐವತ್ತೈದು ವರ್ಷ ಬಾಡಿಗೆ ಕೊಡದೆ ಕೂತಿರೋ ಗಿರಾಕಿ ಅದು. ನೀವು ಹೇಳಿದ ತಕ್ಷಣ ಮನೆ ಖಾಲಿ ಮಾಡತ್ತಾ?"

ಟೀಚರಿಗೆ ನಗು ಬಂತು. ನಕ್ಕದ್ದೇ ನೆಪವಾಗಿ ಕಣ್ಣೂ ತುಂಬಿತು.

ಮಂಚದ ಮೇಲೆ ಮಲಗಿದ್ದವಳನ್ನು ಆ ಬೀದಿಯೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿತ್ತು. ಅವಳು ಕಟ್ಟುಹಲ್ಲು ಮಾಡುವವಳು. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ ಇವಳು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಗುಲಾಬಿ ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಅವಳು ಮಾಡಿದ ಹಲ್ಲಿನಲ್ಲಿ ಉಂಡು ಬೈದು ನಕ್ಕವರು ಸಾವಿರಾರು ಮಂದಿ; ಅವಳ ಮುಖ ಕಂಡವರು ಕಡಿಮೆ. ಕಾರ್ಖಾನೆ ಎಂದರೆ ಮುಂದಿನ ಒಂದು ಕೋಣೆ, ಮನೆ ಎಂದರೆ ಹಿಂದಿನ ಒಂದು ಕೋಣೆ. ಅಲ್ಲಿ ಇಪ್ಪತ್ತು ವರ್ಷದಿಂದ ಚಕ್ರದ ಮುಂದೆ ಕೂತು ಹಲ್ಲಿಗೆ ಹೊಳಪು ಕೊಡುತ್ತ ಬಂದವಳು ಪಾಲಿಶ್. ಅವಳ ನಿಜವಾದ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಟೀಚರೋ, ಹಲ್ಲಕ್ಕ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಿನಿಂದ ಜೊತೆಗಿದ್ದವರು. ಆಮೇಲೆ ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು.

ಹೊರಗೆ ಕಾರು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು.

"ಹಲ್ಲಕ್ಕನ ಅಣ್ಣ ಬಂದಿದಾರೆ. ಕೈಯಲ್ಲಿ ಕಾಗದ ಇದೆ. ಮಣ್ಣಿಗೆ ಮುಂಚೆ ನಾಲ್ಕು ಮಾತಾಡ್ತಾರಂತೆ."

"ಏನಂತೆ ಆ ನಾಲ್ಕು ಮಾತು?" ಎಂದಳು ಪಾಲಿಶ್.

"ನಂಗೆ ಓದಿ ತೋರಿಸಿದ್ರು. 'ಹೆಣ್ಣುಮಕ್ಕಳನ್ನು ಯಾರೂ ಓದಿಸದ ಕಾಲದಲ್ಲಿ ನಮ್ಮ ತಂದೆಯವರು ಈಕೆಯನ್ನು ಕಾಲೇಜಿಗೆ ಕಳಿಸಿ ಪದವಿ ಕೊಡಿಸಿದರು' ಅಂತ ಶುರುವಾಗತ್ತೆ. ಚೆನ್ನಾಗೇ ಬರೆದಿದಾರೆ, ಪಾಪ."

ಟೀಚರ ಕೈಯಲ್ಲಿ ಬ್ರಷ್ಷು ನಿಂತುಬಿಟ್ಟಿತು.

ಒಂಬತ್ತು ದಿನಗಳ ಹಿಂದೆ, ಆಸ್ಪತ್ರೆಯಲ್ಲಿ, ಮೂಗಿನ ಕೊಳವೆಯನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಹಲ್ಲಕ್ಕ ಹೇಳಿದ್ದಳು: "ಯಾರು ಬೇಕಾದ್ರೂ ಬರ್ಲಿ. ಅಳ್ಲಿ, ಹೊತ್ಕೊಂಡು ಹೋಗ್ಲಿ, ನಂಗೇನು ಭಾರವಾ? ಆದ್ರೆ ಇವಳನ್ನ ನಾವು ಓದಿಸಿದ್ವಿ ಅಂತ ನಮ್ಮಣ್ಣನ ಬಾಯಲ್ಲಿ ಬಂದ್ರೆ ನೀನು ಸುಮ್ನಿರಬಾರದು."

"ನಾನಾ? ಬಸ್ಸಲ್ಲಿ ಕಂಡಕ್ಟರ್ ಹತ್ರ ಚಿಲ್ಲರೆ ಕೇಳೋಕೆ ಆಗದೆ ಇಳಿದು ಬಂದೋಳು ನಾನು."

"ಅದಕ್ಕೇ ನಿನಗೆ ಹೇಳ್ತಿರೋದು. ಬಾಯಾಳಿ ಹೇಳಿದ್ರೆ ಜಗಳ ಅಂತಾರೆ. ನೀನು ಹೇಳಿದ್ರೆ ನಿಜ ಅಂತಾರೆ. ಮಾತು ಕೊಡು."

ಟೀಚರು ಮಾತು ಕೊಟ್ಟಿದ್ದರು. ಸಾಯುವವರಿಗೆ ಏನನ್ನಾದರೂ ಕೊಡುವುದು ಸುಲಭ ಎಂದು ಆಗ ಅನಿಸಿತ್ತು.

*

ಹಲ್ಲಕ್ಕನಿಗೆ ಆಗ ಹತ್ತೊಂಬತ್ತು. ರಸಾಯನಶಾಸ್ತ್ರದ ಎರಡನೆಯ ವರ್ಷ. ಒಂದು ಸೋಮವಾರ ಪ್ರಯೋಗಾಲಯದ ಹಾಜರಿಯಲ್ಲಿ ಅವಳ ಹೆಸರು ಕೂಗಲಿಲ್ಲ. ಕಚೇರಿಗೆ ಹೋಗಿ ಕೇಳಿದರೆ ಗುಮಾಸ್ತ, "ನಿಮ್ಮಪ್ಪ ಬೆಳಿಗ್ಗೆ ಬಂದು ಹೆಸರು ತೆಗೆಸಿದ್ರಲ್ಲಮ್ಮ. ಮದುವೆಯಂತೆ?" ಎಂದು ಹಲ್ಲು ಕಿರಿದ.

ಅಪ್ಪನದು ಪೀಠೋಪಕರಣದ ಅಂಗಡಿ. ಅವಳು ಕಾಲೇಜಿನಿಂದ ನೆಟ್ಟಗೆ ಅಲ್ಲಿಗೇ ನಡೆದಳು. ಅಪ್ಪ ಹಲಗೆಯೊಂದರ ಅಳತೆ ತೆಗೆಯುತ್ತಿದ್ದ. ಟೇಪಿನ ಇನ್ನೊಂದು ತುದಿ ಅಣ್ಣನ ಕೈಯಲ್ಲಿತ್ತು. ಓದು ಮುಗಿಯುವ ತನಕ ಮದುವೆ ಬೇಡ ಎಂದು ಅವಳು ಅದಾಗಲೇ ಮೂರು ಸಲ ಹೇಳಿಯಾಗಿತ್ತು. ನಾಲ್ಕನೆಯ ಸಲ ಹೇಳಿದಳು. ಅಪ್ಪ ಟೇಪಿನಿಂದ ಕಣ್ಣು ಎತ್ತಲಿಲ್ಲ.

"ಓದೋ ಚಪಲ ಇದ್ರೆ ನಿನ್ನ ದುಡ್ಡಲ್ಲಿ ಓದ್ಕೋ. ನನ್ನ ಮನೇಲಿದ್ದು ಅಲ್ಲ."

ಅಣ್ಣ ನಕ್ಕ. "ಯಾವ ದುಡ್ಡಲ್ಲಂತೆ?"

ಅವಳು ಉಟ್ಟ ಬಟ್ಟೆಯಲ್ಲೇ ಹೊರಟು, ಸೈಕಲ್ ಅಂಗಡಿಯ ಮೇಲಿನ ಕೋಣೆಗೆ, ಒಬ್ಬಳೇ ಬಾಡಿಗೆ ಕಟ್ಟಲಾರದೆ ಜೊತೆ ಹುಡುಕುತ್ತಿದ್ದ ಸಹಪಾಠಿಯ ಬಳಿಗೆ ಬಂದಳು. ಮುಂದೆ ಟೀಚರಾದ ಆ ಸಹಪಾಠಿ ಗಾಬರಿಯಿಂದ ಬಾಗಿಲು ತೆರೆದಾಗ ಹಲ್ಲಕ್ಕ ಹೇಳಿದ ಮೊದಲ ಮಾತು, "ಅಪ್ಪ ಬೈದಿದ್ದನ್ನ ನಾನು ಅಪ್ಪಣೆ ಅಂತ ತಿಳ್ಕೊಂಡೆ ಕಣೇ."

ಕೆಲಸ ಸಿಕ್ಕಿದ್ದು ಕಟ್ಟುಹಲ್ಲಿನ ಮುದುಕನೊಬ್ಬನ ಹತ್ತಿರ. ಊರಿಗೆಲ್ಲ ಹಲ್ಲು ಕೊಟ್ಟ ಆತನ ಬಾಯಲ್ಲಿ ಒಂದೂ ಇರಲಿಲ್ಲ, ಕೇಳಿದರೆ, "ನನ್ನ ಅಳತೆ ತಗೊಳ್ಳೋಕೆ ಪುರುಸೊತ್ತೆಲ್ಲಿ?" ಎನ್ನುತ್ತಿದ್ದ. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಪ್ಲಾಸ್ಟರು ಜರಡಿ ಹಿಡಿಯುವುದು, ಕಲಸುವುದು, ಅಚ್ಚು ತೊಳೆಯುವುದು. ಸಂಜೆ ನಾಲ್ಕರಿಂದ ಮೇಣದ ಕೆಲಸ ಕಲಿಯುವುದು. ಒಪ್ಪೊತ್ತಿನ ಊಟ. ಅರ್ಧ ವರ್ಷದ ಓದು ಕೈತಪ್ಪಿತು. ಆದರೂ ಬಿಡುವಾದಾಗಲೆಲ್ಲ ಸಹಪಾಠಿಯ ಟಿಪ್ಪಣಿಗಳನ್ನು ಅಚ್ಚುಗಳಿಗೆ ಒರಗಿಸಿಟ್ಟು ಓದಿದಳು. ಹಾಳೆಗಳ ಅಂಚಿನಲ್ಲಿ ಬಿಳಿಯ ಬೆರಳಚ್ಚು, ನಡುನಡುವೆ ಗುಲಾಬಿ ಮೇಣದ ಹನಿ.

ಅರ್ಧ ವರ್ಷ ಕಳೆದು ಫೀಸು ಹಿಡಿದು ಕಚೇರಿಗೆ ಹೋದ ದಿನ ತಲೆಗೂದಲೆಲ್ಲ ಪ್ಲಾಸ್ಟರಿನ ಪುಡಿಯಿಂದ ಬೆಳ್ಳಗಿತ್ತು. ಸಹಪಾಠಿ ಅವಳ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಗುಮಾಸ್ತ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇಲ್ಲಿ ನಿಮ್ಮಪ್ಪ ಬಂದು ಸಹಿ ಹಾಕ್ಬೇಕು. ತೆಗೆಸಿದವರೇ ಸೇರಿಸ್ಬೇಕು."

"ಆ ಜಾಗದಲ್ಲಿ ಅಪ್ಪ ಅಂತ ಬರೆದಿದೆಯಾ ಸಾರ್?"

"ಪೋಷಕರ ಸಹಿ ಅಂತಿದೆ."

"ಪೋಷಕರು ಅಂದ್ರೆ ಯಾರು?"

"ಇದೊಳ್ಳೆ ಕತೆ. ಊಟ ಹಾಕೋರು, ಫೀಸು ಕಟ್ಟೋರು."

"ಹಾಗಾದ್ರೆ ಪೆನ್ನು ಕೊಡಿ."

ವಿದ್ಯಾರ್ಥಿಯ ಜಾಗದಲ್ಲಿ ಒಂದು ಸಹಿ, ಪೋಷಕರ ಜಾಗದಲ್ಲಿ ಒಂದು ಸಹಿ. ಎರಡನೆಯದು ಮೊದಲಿನದಕ್ಕಿಂತ ತುಸು ದೊಡ್ಡದಾಗಿತ್ತು. ಗುಮಾಸ್ತ ಒಳಗಿನ ಕೋಣೆಯ ಕಡೆ ನೋಡಿದ, ಗಡಿಯಾರ ನೋಡಿದ, ಅವಳ ಕೂದಲು ನೋಡಿದ. "ಹೀಗೆ ಹಾಕಬಾರದು ಅಂತ ನಿಯಮದಲ್ಲೇನೂ ಇಲ್ಲ ಬಿಡಿ," ಎಂದು ಮುದ್ರೆ ಒತ್ತಿದ.

ಪದವಿ ಬಂತು, ಅವಳು ಹಲ್ಲಿನ ಕೆಲಸ ಬಿಡಲಿಲ್ಲ. ಸುಳ್ಳು ಹಲ್ಲು ಮಾಡೋಕೆ ಇಷ್ಟೆಲ್ಲ ಓದಬೇಕಿತ್ತಾ ಎಂದು ಅಣ್ಣ ಯಾರ ಮುಂದೆಯೋ ಆಡಿಕೊಂಡನಂತೆ. ಅದು ಕಿವಿಗೆ ಬಿದ್ದಾಗ ಹಲ್ಲಕ್ಕ ಮೇಣ ಕಾಸುವ ದೀಪದ ಬತ್ತಿ ಸರಿಮಾಡುತ್ತಿದ್ದಳು. "ಕೆಲಸಕ್ಕೋಸ್ಕರ ಓದಿದೆ ಅಂದ್ಕೊಂಡಿದಾನೆ. ನಾನು ಓದೋಕೋಸ್ಕರ ಕೆಲಸ ಮಾಡಿದೋಳು. ಈ ಎರಡಕ್ಕೂ ಇರೋ ದೂರ ಅವನ ಟೇಪಿಗೆ ನಿಲುಕಲ್ಲ."

*

ಪೆಟ್ಟಿಗೆಯ ಮುಂದಿನ ತುದಿಗೆ ಡಾಕ್ಟರೂ ಪ್ಲಾಸ್ಟರು ಅಂಗಡಿಯವನೂ ಹೆಗಲು ಕೊಟ್ಟರು. ಹಿಂದಿನ ತುದಿಗೆ ಪಾಲಿಶ್ ಮತ್ತು ಅವಳ ಗಂಡ. ಅಣ್ಣ ಕೋಲೂರಿಕೊಂಡು ಮುಂದೆ ಬಂದ. ಎಂಬತ್ತು ದಾಟಿದ್ದರೂ ಮೈ ನೆಟ್ಟಗಿತ್ತು.

"ಹೆಂಗಸರು ಹೊರೋದಾ? ನಮ್ಮ ಡ್ರೈವರ್ ಇದಾನೆ."

"ಐವತ್ತು ಕೆಜಿ ಪ್ಲಾಸ್ಟರ್ ಮೂಟೆ ಬೆನ್ನ ಮೇಲೆ ಹೊತ್ತಿದೀನಿ ಯಜಮಾನ್ರೆ," ಎಂದಳು ಪಾಲಿಶ್. "ಅಕ್ಕ ಅಷ್ಟೂ ಇಲ್ಲ. ನಿಮ್ಮ ಡ್ರೈವರ್ ಕಾರು ನೋಡ್ಕೊಳ್ಲಿ."

ಸ್ಮಶಾನ ದೂರವಿರಲಿಲ್ಲ. ಹಿಂದೆ ಬರುತ್ತಿದ್ದವರು ಮೂವತ್ತು ನಲವತ್ತು ಮಂದಿ, ಹೆಚ್ಚಿನವರು ಮುದುಕರು. ಅವರ ಮಾತು ಟೀಚರ ಕಿವಿಗೆ ಬೀಳುತ್ತಿತ್ತು.

"ಮೇಲಿಂದು ಅವಳದು, ಕೆಳಗಿಂದು ನಂದೇ," ಎನ್ನುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್. "ಕೆಳಗಿಂದು ದಿನಾ ನೋವು. ಮೇಲಿಂದು ಒಂದಿನಾನೂ ತಕರಾರಿಲ್ಲ."

"ನಂದು ಪೂರ್ತಿ ಅವಳದೇ," ಎಂದರು ಛತ್ರಿ ಹಿಡಿದಿದ್ದ ಹಾಡುಗಾರ್ತಿ. "ಹಾಡೋಳು ಅಂತ ಗೊತ್ತಾಗಿ ನಾಲ್ಕು ಸಲ ಬಿಚ್ಚಿ ಕಟ್ಟಿದ್ಲು. ಎದುರಿಗೆ ನಿಂತು ಹಾಡು ಅಂತಿದ್ಲು, ಚೆನ್ನಾಗಿದೆ ಅಂತ ಒಂದು ಸಲಾನೂ ಹೇಳ್ಲಿಲ್ಲ ಪುಣ್ಯಾತ್ಗಿತ್ತಿ. 'ಗಾಳಿ ಸೋರ್ತಿದೆ' ಅಂತಿದ್ಲು."

ಅಣ್ಣ ಟೀಚರ ಪಕ್ಕಕ್ಕೆ ಬಂದು ಹೆಜ್ಜೆ ಹಾಕತೊಡಗಿದ.

"ಅಪ್ಪ ಕೊನೇವರೆಗೂ ಅವಳನ್ನ ನೆನಸ್ಕೋತಿದ್ರು, ಟೀಚರಮ್ಮ. ಹಟಮಾರಿ. ಆದ್ರೂ ನಾವು ಯಾವತ್ತೋ ಕ್ಷಮಿಸಿಬಿಟ್ವಿ."

ಯಾವುದನ್ನು ಎಂದು ಕೇಳಬೇಕೆನಿಸಿತು ಟೀಚರಿಗೆ. ಆದರೂ "ಹೂಂ," ಎಂದರು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

*

ಎಂಟು ವರ್ಷದ ಹಿಂದೆ ಡಾಕ್ಟರ ಕಡೆಯಿಂದ ಬಂದ ಒಂದು ಅಳತೆಗೆ ಪ್ಲಾಸ್ಟರು ಹೊಯ್ದು, ಅಚ್ಚು ಬಿಡಿಸಿ, ಬೆಳಕಿಗೆ ಹಿಡಿದ ಹಲ್ಲಕ್ಕ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ್ದಳು. ಚಹಾ ಕುಡಿಯಲು ಬಂದಿದ್ದ ಟೀಚರು, "ಏನೇ ಅದು?" ಎಂದರು.

"ನಮ್ಮಪ್ಪನ ದವಡೆ."

ಅಪ್ಪ ಸತ್ತು ಆಗಲೇ ಬಹಳ ಕಾಲವಾಗಿತ್ತು. ಚಿಕ್ಕಂದಿನಲ್ಲಿ ಅಪ್ಪ ಬಾಯಿ ತೆರೆದಾಗಲೆಲ್ಲ ಕಂಡಿದ್ದ ಅದೇ ಆಕಾರ: ಎಡಗಡೆ ತುಸು ಎತ್ತರ, ನಡುವೆ ಒಂದು ಕೊರಕಲು. ಚೀಟಿ ನೋಡಿದರೆ ಅಣ್ಣನ ಹೆಸರು.

ಟೀಚರಿಗೆ ಎಂದಿಲ್ಲದ ತುಂಟತನ ಬಂತು. "ಒಂದು ಹಲ್ಲು ವಾರೆ ಕೂರಿಸಿಬಿಡು. ತುತ್ತು ತುತ್ತಿಗೂ ಕಚ್ಚಿಕೊಳ್ಲಿ."

ಹಲ್ಲಕ್ಕ ಮೇಣ ಕಾಸತೊಡಗಿದಳು. "ಅವರ ಮೇಲಿನ ಸಿಟ್ಟಿಗೆ ನನ್ನ ಕೆಲಸ ಕೆಡಿಸಿಕೊಂಡ್ರೆ, ನಾನಿನ್ನೂ ಅವರ ಮನೆಯಲ್ಲೇ ಇದೀನಿ ಅಂತ ಲೆಕ್ಕ."

ಬೇರೆಯವರದಕ್ಕೆ ಹಿಡಿಯುವುದಕ್ಕಿಂತ ನಾಲ್ಕು ದಿನ ಹೆಚ್ಚೇ ಹಿಡಿಯಿತು. ಆ ಎಡಗಡೆಯ ಎತ್ತರ ನಾಲಿಗೆಗೆ ತೊಡರದಂತೆ, ಮಾತು ಸಿಳ್ಳೆ ಹೊಡೆಯದಂತೆ, ಅವಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಉಜ್ಜಿದಳು. ಮಾಡಿದವರಾರೆಂದು ಅಣ್ಣ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

*

ಸ್ಮಶಾನದ ಪಕ್ಕದ ತಗಡಿನ ಚಾವಣಿಯಡಿ ಪೆಟ್ಟಿಗೆಯನ್ನು ಇಳಿಸಿದರು. ಜನ ಕುರ್ಚಿಗಳಲ್ಲಿ ಕೂತರು. ಅಣ್ಣ ಎದುರಿಗೆ ನಿಂತು, ಕನ್ನಡಕ ಏರಿಸಿ, ಕಾಗದ ಬಿಡಿಸಿದ.

"ಹೆಣ್ಣುಮಕ್ಕಳನ್ನು ಯಾರೂ ಓದಿಸದ ಕಾಲದಲ್ಲಿ ನಮ್ಮ ತಂದೆಯವರು..."

ಒಂದಕ್ಷರವೂ ತೊದಲಲಿಲ್ಲ. ಹಿಂದಿನ ಸಾಲಿನ ಕಿವುಡರಿಗೂ ಮುಟ್ಟುವಂತೆ, ದುಂಡಗೆ, ತೊಳೆದಿಟ್ಟ ಹಾಗೆ ಬರುತ್ತಿತ್ತು ಸುಳ್ಳು. ಹಲ್ಲಕ್ಕನ ಕೆಲಸ ಅಷ್ಟು ಚೆನ್ನಾಗಿತ್ತು.

ಟೀಚರು ಎದ್ದು ನಿಂತರು.

"ಸ್ವಲ್ಪ ನಿಲ್ಲಿಸಿ," ಎಂದರು. ಪಕ್ಕದವರಿಗೂ ಕೇಳಿಸಲಿಲ್ಲ. ಅಣ್ಣ 'ಪದವಿ ಕೊಡಿಸಿ' ಎಂಬಲ್ಲಿಗೆ ಬಂದಿದ್ದ.

"ನಿಲ್ಲಿಸಿ ಅಂದೆ."

ಈ ಸಲ ಬಂದದ್ದು ನಲವತ್ತು ವರ್ಷ ತರಗತಿಯಲ್ಲಿ ಬಳಸಿದ ದನಿ. ಪೋಸ್ಟ್‌ಮ್ಯಾನ್ ತನಗರಿಯದೆ ಬೆನ್ನು ನೆಟ್ಟಗೆ ಮಾಡಿ ಕೂತ.

"ಅದು ತಪ್ಪು. ನಿಮ್ಮ ತಂದೆ ಅವಳನ್ನ ಓದಿಸಲಿಲ್ಲ. ಕಾಲೇಜಿಗೆ ಹೋಗಿ ಹೆಸರು ತೆಗೆಸಿದ್ರು."

"ಇಂಥ ಹೊತ್ತಲ್ಲಿ ಯಾಕೆ ಟೀಚರಮ್ಮ ಹಳೇ ಮಾತು?"

"ತೆಗೆದೋರು ನೀವು. ನಾನು ತಿದ್ದುತ್ತಾ ಇದೀನಿ, ಅಷ್ಟೇ."

"ನೋಡಿದೋರು ಯಾರಿದಾರೆ ಈಗ?"

"ನಾನಿದೀನಿ. ಅವಳ ಪಕ್ಕದಲ್ಲೇ ಚೀಲ ಹಿಡ್ಕೊಂಡು ನಿಂತಿದ್ದೆ. ಪೋಷಕರ ಸಹಿ ಅಂತಿದ್ದ ಕಡೆ ಅವಳೇ ಸಹಿ ಹಾಕಿದ್ಲು. ಪ್ಲಾಸ್ಟರ್ ಕಲಸಿ, ಅಚ್ಚು ತೊಳೆದು, ಒಪ್ಪೊತ್ತು ಉಂಡು ಓದಿದ್ಲು. ಅವಳನ್ನ ಓದಿಸಿದೋಳು ಅವಳು. ಬೇರೆ ಯಾರೂ ಅಲ್ಲ, ನಾನೂ ಅಲ್ಲ."

ಇನ್ನೊಂದು ಮಾತಿತ್ತು, ಆ ಬಾಯಲ್ಲಿದ್ದ ಹಲ್ಲಿನ ಬಗ್ಗೆಯೇ. ನಾಲಿಗೆಯ ತುದಿಯವರೆಗೆ ಬಂದಿತ್ತು. ಡಾಕ್ಟರು ಕಣ್ಣು ತಗ್ಗಿಸಿ ಕೂತಿದ್ದರು, ಪಾಲಿಶ್ ಮಾತ್ರ ಹೇಳಿಬಿಡಿ ಎಂಬಂತೆ ನೋಡುತ್ತಿದ್ದಳು. ಟೀಚರು ಅದನ್ನು ಹಾಗೇ ನುಂಗಿಕೊಂಡರು. ಅದನ್ನು ಹೇಳು ಎಂದು ಹಲ್ಲಕ್ಕ ಹೇಳಿರಲಿಲ್ಲ.

ಅಣ್ಣ ಕಾಗದವನ್ನು ಎರಡು ಮಡಿಕೆ ಮಾಡಿದ. ಮತ್ತೆ ಬಿಡಿಸಿದ.

"ಹಾಗಾದ್ರೆ ನಾನೇನು ಹೇಳ್ಲಿ?" ಎಂದ. ದನಿಯಲ್ಲಿ ಜೋರಿರಲಿಲ್ಲ.

"ನಿಮಗೆ ಅವಳ ಬಗ್ಗೆ ಗೊತ್ತಿರೋದನ್ನ ಹೇಳಿ."

ಜನ ಕಾದರು. ಅಣ್ಣ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಕಾಗದವನ್ನು ಜೇಬಿಗೆ ತುರುಕಿ ಕುರ್ಚಿಗೆ ಮರಳಿದ.

ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಹಿಡಿಮಣ್ಣು ಹಾಕಲು ನಿಂತರು. ಪಾಲಿಶ್ ಎಲ್ಲರಿಗಿಂತ ಮುಂದೆ, ಆಮೇಲೆ ಅವಳ ಗಂಡ, ಪ್ಲಾಸ್ಟರು ಅಂಗಡಿಯವನು, ಡಾಕ್ಟರು, ಪೋಸ್ಟ್‌ಮ್ಯಾನ್, ಕೊನೆಯಲ್ಲಿ ಹಾಡುಗಾರ್ತಿ. ಟೀಚರು ಗುಂಡಿಯ ತಲೆಯ ಕಡೆ ನಿಂತಿದ್ದರು. ಅಣ್ಣ ಒಂದು ಹಿಡಿ ಮಣ್ಣು ಎತ್ತಿಕೊಂಡು, ಕೋಲೂರುತ್ತ, ಎಲ್ಲರನ್ನೂ ದಾಟಿ ನೇರ ಗುಂಡಿಯ ಹತ್ತಿರ ಬಂದ.

"ಸಾಲಿದೆ ಸ್ವಾಮಿ," ಎಂದ ಪೋಸ್ಟ್‌ಮ್ಯಾನ್.

"ನಾನು ಒಡಹುಟ್ಟಿದೋನು ಕಣಯ್ಯ."

ಯಾರೂ ಸರಿಯಲಿಲ್ಲ. ಅಣ್ಣ ಟೀಚರ ಮುಖ ನೋಡಿದ. ಟೀಚರು ದನಿ ಎತ್ತಲಿಲ್ಲ. ಬಲಗೈಯ ತೋರುಬೆರಳಿನಿಂದ, ಆ ಉದ್ದನೆಯ ಸಾಲಿನ ಕೊನೆಯನ್ನು ತೋರಿಸಿದರು.

ಅವನು ತಿರುಗಿ, ಒಬ್ಬೊಬ್ಬರನ್ನೂ ಹಾದು, ಹಾಡುಗಾರ್ತಿಯ ಛತ್ರಿಯ ಹಿಂದೆ ಹೋಗಿ ನಿಂತುಕೊಂಡ. ಪಾಲಿಶ್ ಮಣ್ಣು ಹಾಕಿ ಪಕ್ಕಕ್ಕೆ ಸರಿದಳು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಬೆರಳ ಸಂದಿಯಿಂದ ಉದುರುತ್ತಿದ್ದ ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡು ಅಣ್ಣನೂ ಒಂದು ಹೆಜ್ಜೆ ಮುಂದೆ ಬಂದ.