ಅಂಗೈಗೆ ಬಂದ ಎದೆಬಡಿತ

ಸರೋವರದ ದಂಡೆಯ ಹೆರಿಗೆ ಆಸ್ಪತ್ರೆಯ ಸಿಸ್ಟರ್ ಎನೆಲೆಸಿಯ ಕಿವಿ ಹೋಗಿತ್ತು. ಊರಿಗೆ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ಅವಳೇ ನೋಡಿಕೊಂಡಿದ್ದಳು. ಮೊದಲು ಎಡಗಿವಿ ಮಂದವಾದಾಗ, ಇರಲಿ, ಇನ್ನೊಂದಿದೆಯಲ್ಲ ಎಂದು ಸುಮ್ಮನಾದಳು. ಆ ಇನ್ನೊಂದೂ ಅದರ ಬೆನ್ನಿಗೇ ಹೊರಟು ನಿಂತಿತು. ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತಳು. ಫೋನ್ ಬಂದರೆ "ನೆಟ್‌ವರ್ಕ್ ಸರಿಯಿಲ್ಲ, ಮೆಸೇಜ್ ಹಾಕಿ" ಎಂದು ಇಟ್ಟುಬಿಡುತ್ತಿದ್ದಳು. ಪಾಪ, ಆ ನೆಟ್‌ವರ್ಕು ಎಷ್ಟು ಜನರ ಬೈಗುಳ ತಿಂದಿತೋ!

ಬೆನ್ನ ಹಿಂದಿನಿಂದ ಕರೆದವರಿಗೆ ಮಾತ್ರ ಅವಳಲ್ಲಿ ಉತ್ತರವಿರಲಿಲ್ಲ. "ಸಿಸ್ಟರಿಗೆ ಈಗೀಗ ಜಂಬ, ಕೂಗಿದ್ರೂ ತಿರುಗಲ್ಲ" ಎಂದು ಸರೋವರದ ದಂಡೆಯಲ್ಲಿ ಮೀನು ಒಣಗಿಸುವ ಹೆಂಗಸರು ಆಡಿಕೊಂಡರು. ಆಡಿಕೊಂಡರೆ ಆಡಿಕೊಳ್ಳಲಿ, ಜಂಬದವಳು ಅನ್ನಿಸಿಕೊಳ್ಳುವುದೇ ವಾಸಿ. ಕಿವಿಯಿಲ್ಲದ ಸೂಲಗಿತ್ತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಜಿಲ್ಲಾ ಕೇಂದ್ರದ ಉಗ್ರಾಣದಲ್ಲಿ ಹತ್ತಿ, ಬ್ಯಾಂಡೇಜು ಜೋಡಿಸಲು ಕೂರಿಸುತ್ತಾರೆ, ಅಷ್ಟೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಈ ದಂಡೆಯ ಕೂಸುಗಳನ್ನು ಬಿಟ್ಟರೆ ಅವಳಿಗೆ ತನ್ನದು ಅಂತ ಏನಿತ್ತು? ಚರ್ಚಿನ ಹಾಡಿನ ಗುಂಪನ್ನೂ ಬಿಟ್ಟಳು, ತಾಳ ತಪ್ಪುತ್ತಿತ್ತು. ಸಂಜೆ ಕ್ವಾರ್ಟರ್ಸಿನಲ್ಲಿ ಒಬ್ಬಳೇ ನ್ಸಿಮಾ ಮುದ್ದೆ ತೊಳಸಿ, ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದಿಡುತ್ತಿದ್ದಳು.

ಆ ದಿನ ಊರ ಮುಖ್ಯಸ್ಥನ ತಾಯಿಯ ಮಣ್ಣು. ಸಾವಿನ ಮನೆಗೆ ಹೋಗದವರ ಸಾವಿಗೆ ಯಾರೂ ಬರುವುದಿಲ್ಲ ಎಂಬುದು ಅಲ್ಲಿನ ಜನ ತಪ್ಪದೆ ನಡೆಸಿಕೊಂಡು ಬಂದ ಮಾತು. ಜೊತೆಯ ನರ್ಸು, ಕಸ ಗುಡಿಸುವವಳು, ಕಾವಲುಗಾರ, ಎಲ್ಲರೂ ಹೊರಟುಹೋಗಿದ್ದರು. ಹೆರಿಗೆ ಕೋಣೆಯಲ್ಲಿ ಉಳಿದವರು ಎನೆಲೆಸಿ ಮತ್ತು ಚೊಚ್ಚಲ ಬಸುರಿ ತಿಯಾಮಿಕೆ. ಹೊರಗಿನ ಜಗಲಿಯಲ್ಲಿ ದಿನ ತುಂಬಿದ ಇತರ ಬಸುರಿಯರ ಕಡೆಯ ಹೆಂಗಸರು ಒಲೆ ಹಚ್ಚಿಕೊಂಡು ಕೂತಿದ್ದರು. ತಿಯಾಮಿಕೆಯ ದೊಡ್ಡಮ್ಮ ನಂಬೆವೆಯೂ ಅವರ ನಡುವೆ ಇದ್ದಳು.

ನಂಬೆವೆ ಅಂದರೆ ಬಾಯಿ. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಯಾರ ಮನೆಯ ಗುಟ್ಟಾದರೂ ಬೆಳಿಗ್ಗೆ ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ದೋಣಿ ಹತ್ತಿ ಆಚೆ ದಂಡೆ ಸೇರುತ್ತಿತ್ತು. ಅವಳು ಮೆಲ್ಲಗೆ ಮಾತಾಡಿದ್ದನ್ನು ಕಂಡವರೇ ಇರಲಿಲ್ಲ.

ತಿಯಾಮಿಕೆ ಕೂಗಲಿಲ್ಲ. ಹೆರುವಾಗ ಕೂಗಿದವಳು ತವರಿನ ಮಾನ ಕಳೆದಂತೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಹಲ್ಲು ಕಚ್ಚಿ ಮಂಚದ ಕಬ್ಬಿಣ ಹಿಡಿದು ಮಲಗಿದ್ದಳು. ನೀರು ಒಡೆದಾಗ ಎನೆಲೆಸಿ ಬಗ್ಗಿ ನೋಡಿದಳು. ಕೂಸಿನ ತಲೆ ಕೆಳಗಿಳಿದಿತ್ತು, ನೀರು ಹಸಿರಾಗಿತ್ತು. ಕೂಸು ಒಳಗೇ ಮಲ ಬಿಟ್ಟಿದೆ, ಏನೋ ಕಷ್ಟದಲ್ಲಿದೆ.

ಎದೆಬಡಿತ ಕೇಳಿಸುವ ಬ್ಯಾಟರಿ ಯಂತ್ರ ರಿಪೇರಿಗೆ ಹೋಗಿತ್ತು. ಇದ್ದದ್ದು ಮರದ ತುತ್ತೂರಿ. ಅದರ ಅಗಲ ಬಾಯನ್ನು ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಬಲಗಿವಿ ಕೊಟ್ಟಳು. ಏನೂ ಇಲ್ಲ. ಜಾಗ ಬದಲಿಸಿದಳು. ಏನೂ ಇಲ್ಲ. ಹೋದ ತಿಂಗಳವರೆಗೂ ದೂರದ ಒನಕೆಯಷ್ಟಾದರೂ ಕೇಳುತ್ತಿತ್ತು, ಇವತ್ತು ಅದೂ ಇಲ್ಲ.

ಸತ್ತಿರುವುದು ಕೂಸೋ, ತನ್ನ ಕಿವಿಯೋ?

ಕೂಸಿಗೆ ಜೀವವಿದ್ದು ಸೋಲುತ್ತಿದ್ದರೆ ಹೆರಿಗೆಯ ದಾರಿಗೆ ಕತ್ತರಿ ಹಾಕಿ ಈಗಲೇ ಹೊರಗೆ ತರಬೇಕು. ಚೆನ್ನಾಗಿದ್ದರೆ ಈ ಹುಡುಗಿಯನ್ನು ಸುಮ್ಮನೆ ಕೊಯ್ಯಬಾರದು. ಇಲ್ಲವೇ ಇಲ್ಲ ಎಂದಾದರೆ ತಾಯಿಯನ್ನಷ್ಟೇ ಉಳಿಸಿಕೊಳ್ಳಬೇಕು. ಇದನ್ನೆಲ್ಲ ಹೇಳಬೇಕಾದದ್ದು ಕಿವಿ. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

"ಸಿಸ್ಟರಮ್ಮ, ಪಾಪು ಹೇಗಿದೆ?" ತಿಯಾಮಿಕೆಯ ತುಟಿ ಅಲುಗಿತು.

ಚೆನ್ನಾಗಿದೆ ಅಂದುಬಿಡಬಹುದಿತ್ತು. ಎನೆಲೆಸಿ ಎದ್ದು ಬಾಗಿಲು ತೆರೆದಳು. ಬಂಧುಗಳು ಒಳಗೆ ಬರಕೂಡದು ಎಂಬ ಬೋರ್ಡನ್ನು ಆ ಬಾಗಿಲಿಗೆ ಹಾಕಿದವಳೂ ಅವಳೇ.

"ಅಮಾಯಿ, ಒಳಗೆ ಬನ್ನಿ. ಕೈ ತೊಳೆದು ಬನ್ನಿ," ಎಂದು ನಂಬೆವೆಯನ್ನು ಕರೆದಳು. ಅಮ್ಮಾ ಎನ್ನುವುದಕ್ಕೆ ಅಲ್ಲಿ ಅಮಾಯಿ ಎನ್ನುತ್ತಾರೆ.

ನಂಬೆವೆ ಸೊಂಟದ ಬಟ್ಟೆ ಬಿಗಿದುಕೊಂಡು ಎದ್ದಳು. "ಏನು ಸಿಸ್ಟರಮ್ಮ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ನಮ್ಮನ್ನ ಒಳಗೆ ಕರೀತಿದೀರ!"

ಎನೆಲೆಸಿ ಬಾಗಿಲು ಹಾಕಿಕೊಂಡಳು. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು, ಜಗತ್ತಿನಲ್ಲಿ ಯಾರಿಗೆ ಹೇಳಬಾರದೋ ಅವಳಿಗೇ ಹೇಳಿದಳು. "ಅಮಾಯಿ, ನನಗೆ ಕಿವಿ ಕೇಳಲ್ಲ. ಕೂಸಿನ ಎದೆಬಡಿತ ನೀವು ಕೇಳಿ ನನಗೆ ಹೇಳಬೇಕು."

"ಅಯ್ಯೋ ದೇವರೇ! ಗೋಡೆಗೂ ಕಿವಿ ಇರ್ತಾವಂತೆ, ನಮ್ಮ ಸಿಸ್ಟರಿಗಿಲ್ವಾ? ಹಂಗಾದ್ರೆ ಅದು ಜಂಬ ಅಲ್ವಾ?"

"ಬೈಯೋದು ಆಮೇಲೆ ಬೈರಿ. ಈಗ ಬಗ್ಗಿ."

ಕಲಿಯಲು ಬರುವ ಹುಡುಗಿಯರಿಗೆ ಮಾಡಿಸುವುದನ್ನೇ ಅವಳಿಗೂ ಮಾಡಿಸಿದಳು. ತುತ್ತೂರಿಗೆ ಕಿವಿ ಕೊಡು, ಕೇಳಿದ ಒಂದೊಂದು ಬಡಿತಕ್ಕೂ ನನ್ನ ಅಂಗೈ ಮೇಲೆ ಬೆರಳಿಂದ ತಟ್ಟು. ಎಡಗೈಯನ್ನು ನಂಬೆವೆಗೆ ಚಾಚಿ, ಬಲಗೈಯಲ್ಲಿ ತಿಯಾಮಿಕೆಯ ಮಣಿಕಟ್ಟು ಹಿಡಿದಳು.

ನಂಬೆವೆಯ ಬೆರಳು ಆಡಿತು. ಟಕ್, ಟಕ್, ಟಕ್. ಅವಳ ಮುಖ ಅರಳಿತು. "ಇದೆ! ಇದೆ ಕಣೇ ತಿಯಾಮಿಕೆ, ನಿನ್ನ ಕೂಸು ಇದೆ!"

ಎನೆಲೆಸಿ ನಗಲಿಲ್ಲ. ಅಂಗೈಯಲ್ಲಿ ಆಡುತ್ತಿದ್ದದ್ದು ಮಣಿಕಟ್ಟಿನಲ್ಲಿ ಆಡುತ್ತಿದ್ದದ್ದೇ. ಹೆದರಿದ ತಾಯಿಯ ನಾಡಿ ಓಡುತ್ತದೆ, ಹೊಟ್ಟೆಯ ಮೇಲೂ ಅದೇ ಕೇಳುತ್ತದೆ. ಇದನ್ನು ಕೂಸಿನದೆಂದು ನಂಬಿದವರು ಎಷ್ಟೋ ಜನ ಆಮೇಲೆ ಅತ್ತಿದ್ದಾರೆ. "ಇದು ಅವಳದು. ಕೆಳಗೆ ಸರಿಸಿ. ಇನ್ನೂ ಕೆಳಗೆ."

ಬೆರಳು ನಿಂತಿತು. ನಂಬೆವೆ ಕಣ್ಣು ಮುಚ್ಚಿದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಎನೆಲೆಸಿಯ ಅಂಗೈ ಬರಿದಾಗಿತ್ತು. ಹೊರಗಿನ ಲೋಕವೆಲ್ಲ ಎಂದೋ ಅವಳಿಂದ ದೂರ ಹೋಗಿತ್ತು, ಈಗ ಈ ಕೂಸೂ ಹೋಯಿತೇ?

ಆಮೇಲೆ ತಟ್ಟಿತು. ಮಣಿಕಟ್ಟಿನ ನಾಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೇರೆಯದೇ ಓಟ, ಪುಟ್ಟ ಓಟ. ಎನೆಲೆಸಿಯ ಕಣ್ಣು ತುಂಬಿತು. ಬೇನೆ ಬಂತು, ಹೊಟ್ಟೆ ಕಲ್ಲಾಯಿತು. ಬೇನೆ ಇಳಿದ ಮೇಲೆ ಆ ಬೆರಳು ನಿಧಾನವಾಯಿತು, ಸುಸ್ತಾದವರು ದಿಬ್ಬ ಹತ್ತುವ ಹಾಗೆ ನಿಂತು ನಿಂತು ತಟ್ಟಿತು. ತಿಯಾಮಿಕೆಯನ್ನು ಎಡಮಗ್ಗುಲಿಗೆ ಹೊರಳಿಸಿದರೂ ಓಟ ಮರಳಲಿಲ್ಲ.

"ಯಾಕೆ ಸಿಸ್ಟರಮ್ಮ, ಮೆಲ್ಲಗಾಯ್ತಲ್ಲ?"

"ಗೊತ್ತಾಯ್ತು, ಅಮಾಯಿ. ಅದಕ್ಕೆ ಉಸಿರು ಸಾಲ್ತಿಲ್ಲ." ಎನೆಲೆಸಿ ಕತ್ತರಿ ತೆಗೆದುಕೊಂಡಳು. "ತಿಯಾಮಿಕೆ, ಮಗಳೇ, ಇನ್ನು ಮಾನಗೀನ ಎಲ್ಲ ಬದಿಗಿಡು. ತಿಣುಕು! ಕೂಗಬೇಕು ಅನ್ಸಿದ್ರೆ ಕೂಗು!"

ತಿಯಾಮಿಕೆಯ ಬಾಯಿ ಅಗಲವಾಗಿ ತೆರೆದದ್ದನ್ನು ಎನೆಲೆಸಿ ನೋಡಿದಳು. ತಲೆ ಬಂತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಬಿಗಿದು ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿ ಕೂಸನ್ನು ಎಳೆದುಕೊಂಡಳು. ಹೆಣ್ಣುಕೂಸು, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಒರೆಸಿದಳು, ಬೆನ್ನು ತಿಕ್ಕಿದಳು, ಮುಖಕ್ಕೆ ಮಾಸ್ಕ್ ಇಟ್ಟು ಬಲೂನು ಅದುಮಿ ಉಸಿರು ತುಂಬಿದಳು.

ಕೂಸಿನ ತುಟಿ ಅದುರಿತು. ಅತ್ತಿತೋ, ಬರೀ ಬಾಯಿ ಬಿಟ್ಟಿತೋ? ಎನೆಲೆಸಿಗೆ ತಿಳಿಯಲಿಲ್ಲ. ತಲೆಯೆತ್ತಿ ನಂಬೆವೆಯ ಮುಖ ನೋಡಿದಳು. ನಂಬೆವೆ ಅಳುತ್ತ ನಗುತ್ತ ಎರಡೂ ಕೈಯಿಂದ ತನ್ನ ಕಿವಿ ಮುಚ್ಚಿಕೊಂಡಿದ್ದಳು.

ಕೋಣೆ ತೊಳೆದು, ತಾಯಿಗೆ ಹೊಲಿಗೆ ಹಾಕಿ, ಕೂಸನ್ನು ಎದೆಗೆ ಕೊಟ್ಟಾದ ಮೇಲೆ ಎನೆಲೆಸಿ ಜಗಲಿಯ ತುದಿಗೆ ಬಂದು ನಂಬೆವೆಯ ಕೈಗೆ ತನ್ನ ಫೋನ್ ಇಟ್ಟಳು.

"ಜಿಲ್ಲಾ ಆಫೀಸಿಗೆ ಕರೆ ಮಾಡಿದೀನಿ. ನೀವೇ ಮಾತಾಡಿ. ಇಲ್ಲಿಗೆ ಕಿವಿ ಇರೋ ಒಬ್ಬಳನ್ನ ಕಳಿಸೋಕೆ ಹೇಳಿ."

"ಮತ್ತೆ ನೀವು?"

"ಇವತ್ತು ನೀವಿದ್ರಿ. ನಾಳೆ ಇನ್ಯಾರೋ ಬರ್ತಾರೆ, ಒಳಗೆ ನಾನೊಬ್ಬಳೇ ಇರ್ತೀನಿ. ಹೇಳಿಬಿಡಿ, ಅಮಾಯಿ. ನಂಗೆ ಆ ಕಡೆ ಉತ್ತರ ಕೇಳಲ್ಲ."

ನಂಬೆವೆ ಫೋನನ್ನು ಕಿವಿಗೆ ಹಿಡಿದಳು. ಅವಳ ತುಟಿ ಆಡತೊಡಗಿತು. ಈಗ ಊರಿಗೆಲ್ಲ ಡಂಗುರ ಎಂದುಕೊಂಡು ಎನೆಲೆಸಿ ಒಲೆಗಳ ಕಡೆ ನೋಡಿದಳು. ಅಲ್ಲಿ ಹೆಂಗಸರು ಮುದ್ದೆ ತೊಳಸುತ್ತಿದ್ದರು, ಒಬ್ಬಳು ಮೀನಿನ ತಲೆ ಕೀಳುತ್ತಿದ್ದಳು. ಒಬ್ಬರೂ ಇತ್ತ ತಿರುಗಲಿಲ್ಲ. ಆಗ ಅವಳಿಗೆ ಗೊತ್ತಾಯಿತು. ನಂಬೆವೆ ಪಿಸುಮಾತಿನಲ್ಲಿ ಆಡುತ್ತಿದ್ದಳು.

ನಂಬೆವೆ ಮಾತು ಮುಗಿಸಿ ಫೋನ್ ಕೊಟ್ಟಳು. ಎನೆಲೆಸಿ ಎಡಗೈ ಚಾಚಿ ಅಂಗೈ ಬಿಚ್ಚಿದಳು. ನಂಬೆವೆ ಅದರ ಮೇಲೆ ತನ್ನ ಕೈ ಇಟ್ಟು, ತಟ್ಟದೆ ಹಾಗೇ ಹಿಡಿದುಕೊಂಡಳು.