ಮೂರಕ್ಕೆ ಮೂರೂ ಕೆಂಪು

"ಗೋಲಿ ಎಲ್ಲಿ ಓಬಳೆಪ್ಪ?"

ಬುಧವಾರ ಬೆಳಗ್ಗೆ ಏಳು ಗಂಟೆಗೆ, ಗಂಗಾವತಿಯ ಡಿಗ್ರಿ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿಗೆ ಕಾಲಿಟ್ಟ ಲೆಕ್ಚರರ್ ಮಲ್ಲೇಶ್ವರಿ ಆಡಿದ ಮೊದಲ ಮಾತೇ ಇದು. ಅಟೆಂಡರ್ ಓಬಳೆಪ್ಪ ಕಿಟಕಿಯತ್ತ ಕೈ ತೋರಿಸಿದ. ಅಲ್ಲಿ ಸ್ಟೀಲಿನ ಬೋಗುಣಿಯೊಳಗೆ ಇನ್ನೂರು ಗಾಜಿನ ಗೋಲಿಗಳು ಒಣಗುತ್ತಿದ್ದವು. ತಿಕ್ಕಿ ತೊಳೆದು ಥಳಥಳ ಹೊಳೆಯುವಂತೆ ಮಾಡಿಟ್ಟಿದ್ದ, ಪುಣ್ಯಾತ್ಮ!

"ಯಾರೋ ಉಡಾಳ ಹುಡುಗ್ರು ಮೀನಿನ ತೊಟ್ಟಿಯಾಗ ಸುರುವಿದ್ರು ಮೇಡಮ್ಮಾರ. ಇವತ್ತ ಕಾಲೇಜು ನೋಡಾಕ ಕಮಿಟಿಯವ್ರು ಬರ್ತಾರಲ್ಲ, ಅದಕ್ಕ ನಿನ್ನಿ ಸಂಜಿಕ ಎಲ್ಲಾ ತಗದು ಸ್ವಚ್ಛ ಮಾಡೀನ್ರಿ."

"ಅವನ್ನ ಹಾಕಿದಾಕಿ ನಾನೋ ಮಾರಾಯಾ, ನಾನು!"

ಓಬಳೆಪ್ಪನ ಮುಖ ಇಷ್ಟೇ ಇಷ್ಟಾಯಿತು. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು? ಕಿರುಬೆರಳಿಗಿಂತ ಸಣ್ಣ, ಮೈಮೇಲೆ ನೀಲಿ ಪಟ್ಟೆ ಎಳೆದ ಈ ಜೀಬ್ರಾ ಮೀನುಗಳು ಬೆಳಗ್ಗೆ ದೀಪ ಹತ್ತಿದ ಕೂಡಲೇ ತತ್ತಿ ಇಡುತ್ತವೆ. ಇಟ್ಟ ಮರುಗಳಿಗೆಯೇ ತಿರುಗಿ ನಿಂತು ಅದೇ ತತ್ತಿಗಳನ್ನು ಗುಳುಂ ಮಾಡುತ್ತವೆ. ತಳದಲ್ಲಿ ಗೋಲಿ ಹರಡಿದ್ದರೆ ತತ್ತಿ ಸಂದಿಗೆ ಜಾರಿ ಬದುಕಿಕೊಳ್ಳುತ್ತದೆ. ನಾಲ್ಕು ತಿಂಗಳಿಂದ ಮೀನಿಗೆ ಹೊಟ್ಟೆಗೆ ಹಾಕುತ್ತಿರುವ ಮನುಷ್ಯನಿಗೆ ಇದನ್ನೊಂದು ಮಾತು ಹೇಳಿಟ್ಟಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಸಿಟ್ಟು ಬಂದರೆ ತತ್ತಿ ಬರುತ್ತದೆಯೇ?

ಆ ತತ್ತಿ ಬೇಕಾಗಿದ್ದದ್ದು ಕಮಿಟಿಗಲ್ಲ, ಅವಳ ಪಿಎಚ್‌ಡಿಗೂ ಅಲ್ಲ. ಕುಕನೂರಿಗೆ ಕೊಟ್ಟ ತಂಗಿ ಗೀತಾಳಿಗಾಗಿ. ಗೀತಾಳ ಮಗಳು ನೇತ್ರಾವತಿಗೆ ಐದು ವರ್ಷ, ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಕೊಪ್ಪಳಕ್ಕೆ ಹೋಗಿ ರಕ್ತ ಹಾಕಿಸಿಕೊಂಡು ಬಂದರೆ ಕೂಸು ಆಡುತ್ತದೆ, ಇಲ್ಲದಿದ್ದರೆ ಗೋಡೆಗೊರಗಿ ಕೂತುಬಿಡುತ್ತದೆ. ಈಗ ಗೀತಾ ಮತ್ತೆ ಬಸುರಿ, ಹತ್ತನೆಯ ವಾರ. ಹೊಟ್ಟೆಯಲ್ಲಿರುವ ಕೂಸಿಗೂ ಅದೇ ರೋಗ ಇದೆಯೋ ಹೇಗೆ ಎಂದು ನೋಡಬಹುದು, ಆದರೆ ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತಪಾಸಣೆಗೆ ಕಳಿಸಬೇಕು, ಈ ವಾರ ದಾಟಬಾರದು ಎಂದು ಡಾಕ್ಟರು ಹೇಳಿದ್ದರು. ಗೀತಾ ಕೊಟ್ಟಳು. ಗಂಡ ಕೊಟ್ರೇಶ ಒಲ್ಲೆನೆಂದ.

"ನನ್ನ ರಕ್ತಕ್ಕೇನಾಗೈತಿ? ವರ್ಷಕ್ಕೆರಡು ಸಲ ದಾನ ಮಾಡ್ತೀನಿ. ಐಬು ಇದ್ರ ನಿಮ್ಮ ಮನಿ ಕಡೀದು," ಎಂದು ಬೀಜ ಗೊಬ್ಬರದ ಅಂಗಡಿಯ ಆ ದಢೂತಿ ಆಸಾಮಿ ಪಟ್ಟು ಹಿಡಿದಿದ್ದ. ಅವನ ತಾಯಿ ಶಿವಬಸಮ್ಮನಂತೂ ಓಣಿಗೆಲ್ಲ ಅದನ್ನೇ ಡಂಗುರ ಸಾರಿದ್ದಳು. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಈ ರೋಗ ಎಂದು ಹೇಳಿ ಹೇಳಿ ಮಲ್ಲೇಶ್ವರಿಯ ಬಾಯಿ ಸವೆದಿತ್ತು. ಕೊನೆಗೆ ಅವನೇ, "ಕಣ್ಣಾರೆ ತೋರಿಸ್ರಿ ಅಕ್ಕಾರ, ಆಮ್ಯಾಲೆ ನೋಡೂಣು. ಶುಕ್ರವಾರ ಗಂಗಾವತಿಗೆ ಬರೂದೈತಿ," ಎಂದಿದ್ದ.

ಕಣ್ಣಾರೆ ತೋರಿಸಲು ಅವಳಲ್ಲಿ ಉಳಿದಿದ್ದದ್ದು ಒಂದೇ ಜೋಡಿ. ಹೈದರಾಬಾದಿನಿಂದ ಕಾಡಿ ಬೇಡಿ ತಂದ ಎಂಟು ಮೀನುಗಳಲ್ಲಿ ಆರು, ಬಿರುಬೇಸಿಗೆಯಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ಬೆಂದು ಸತ್ತಿದ್ದವು. ಉಳಿದ ಗಂಡು ಹೆಣ್ಣು ಎರಡೂ ಗಟ್ಟಿಮುಟ್ಟು, ರಕ್ತ ಕೆಂಪಗೆ. ಆದರೂ ಎರಡರ ಮೈಯಲ್ಲೂ ಇಂಥದೇ ಒಂದು ರಕ್ತದ ಐಬು ಅಡಗಿರುವುದರಿಂದ ಅವುಗಳಿಗೆ ನೂರು ಮರಿಯಾದರೆ ಸುಮಾರು ಇಪ್ಪತ್ತೈದರ ರಕ್ತ ಬಿಳಚಿಕೊಂಡಿರುತ್ತದೆ. ಮರಿಯ ಮೈಯಂತೂ ಗಾಜು. ಎರಡೇ ದಿನಕ್ಕೆ ಗುಂಡಿಗೆ ಬಡಿಯುವುದು, ರಕ್ತ ಓಡುವುದು, ಅದರ ಬಣ್ಣ, ಎಲ್ಲವೂ ಸೂಕ್ಷ್ಮದರ್ಶಕದಲ್ಲಿ ನಿಚ್ಚಳ. ಸಾಲುಸಾಲಾಗಿ ನೂರು ಮರಿ ತೋರಿಸಿ, ಆ ಮೇಲೆ ತೊಟ್ಟಿಯಲ್ಲಿನ ಅಪ್ಪನನ್ನೂ ತೋರಿಸಿದರೆ ಎಂಥವನಿಗೂ ತಿಳಿಯುತ್ತದೆ ಎಂದುಕೊಂಡಿದ್ದಳು.

ಈಗ ಇನ್ನೊಮ್ಮೆ ತತ್ತಿ ಇಡಲು ಆ ಜೋಡಿಗೆ ವಾರವಾದರೂ ಬೇಕು.

ತೊಟ್ಟಿಯೊಳಗಿನ ಪೈಪಿನ ಹಿಂದಿನ ಮೂಲೆಯಲ್ಲಿ ಓಬಳೆಪ್ಪನ ಕೈಗೆ ಸಿಗದ ಐದಾರು ಗೋಲಿ ಹಾಗೇ ಉಳಿದಿದ್ದವು. ಅವನ್ನು ಒಂದೊಂದಾಗಿ ಸರಿಸಿ ಹುಡುಕಿದಾಗ ಸಿಕ್ಕದ್ದು ಮೂರು ತತ್ತಿ. ಬರೇ ಮೂರು! ಎರಡು ದಿನ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಶುಕ್ರವಾರ ಬೆಳಗ್ಗೆ ನೋಡಿದರೆ ಮೂರೂ ಕೆಂಪು. ಮೂರೇ ಮರಿ ಇದ್ದಾಗ ಹಾಗಾಗುವುದು ದೊಡ್ಡ ವಿಷಯವೇನಲ್ಲ, ಆದರೆ ಅದನ್ನು ಕೊಟ್ರೇಶನ ತಲೆಗೆ ಹೊಗಿಸುವವರು ಯಾರು? ಅವಳಿಗೆ ಆ ಸೂಕ್ಷ್ಮದರ್ಶಕವನ್ನೇ ಎತ್ತಿ ಕಿಟಕಿಯಿಂದಾಚೆ ಒಗೆಯಬೇಕೆನಿಸಿತು.

ಹನ್ನೊಂದಕ್ಕೆ ಕೊಟ್ರೇಶ ಬಂದ. ಎದುರಿನ ರಕ್ತ ತಪಾಸಣಾ ಕೇಂದ್ರದ ಮೆಹಜಬೀನಳನ್ನು ಮಲ್ಲೇಶ್ವರಿ ಮೊದಲೇ ಕರೆದು ಕೂರಿಸಿದ್ದಳು; ಅವಳು ಸೂಜಿ ಸೀಸೆಗಳ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಅಪ್ಪ ಮೀನು, ಅವ್ವ ಮೀನು ಎರಡರಲ್ಲೂ ಐಬು ಅಡಗಿದೆ, ಹಾಗಾಗಿ ಕೆಲವು ಮರಿಯ ರಕ್ತ ಬಿಳಚಿರುತ್ತದೆ ಎಂದು ಮಲ್ಲೇಶ್ವರಿ ಅವನಿಗೆ ಮೊದಲೇ ಹೇಳಿದ್ದಳು. ಕೊಟ್ರೇಶ ಬಗ್ಗಿ ಕಣ್ಣಿಟ್ಟ.

"ಅಬಾಬಾ! ಇದು ಗುಂಡಿಗಿ ಏನ್ರಿ? ಹೆಂಗ ಬಡಕೊಳ್ಳಾಕತ್ತೈತಿ ನೋಡ್ರಿ!" ಒಂದಾದ ಮೇಲೊಂದು ಮೂರನ್ನೂ ನೋಡಿದ. ತಲೆಯೆತ್ತಿ, "ಇದ್ರಾಗ ಬಿಳಚಿದ್ದು ಯಾವುದ್ರಿ ಅಕ್ಕಾರ?" ಎಂದ.

ಬೆಳಕನ್ನು ಒಂದಿಷ್ಟು ಹೆಚ್ಚು ಮಾಡಿದರೆ ಕೆಂಪು ಮಾಸಿ ಬಿಳಚಿದಂತೆ ಕಾಣುತ್ತದೆ. 'ಇದೇ' ಎಂದುಬಿಟ್ಟರೆ ಮುಗಿಯಿತು, ಯಾರು ಕೇಳುತ್ತಾರೆ? ಕೈ ಬೆಳಕಿನ ಗುಂಡಿಯವರೆಗೂ ಹೋಗಿತ್ತು. ಹಾಳಾದ್ದು, ಹದಿನೈದು ವರ್ಷ ಪಾಠ ಹೇಳಿದ ಕೈ, ತಿರುಗಿಸಲು ಆಗಲಿಲ್ಲ.

"ಒಂದೂ ಇಲ್ಲ. ಮೂರೂ ಕೆಂಪು ಅದಾವು," ಎಂದಳು.

ಕೊಟ್ರೇಶ ತೊಡೆ ತಟ್ಟಿ ನಕ್ಕ. "ಮೂರಕ್ಕ ಮೂರೂ! ಅಪ್ಪಗ ಐಬು, ಅವ್ವಗ ಐಬು ಅಂದ್ರಿ, ಮರಿ ನೋಡಿದ್ರ ಎಲ್ಲಾ ಛಲೋ ಅದಾವು! ನಾ ಸುಮ್ಮನ ಅಂಜಿದ್ನಿ ನೋಡ್ರಿ. ತಗೋರಿ, ನಂದೂ ತಗೋರಿ. ರಿಪೋರ್ಟು ಚೊಕ್ಕ ಬಂದಮ್ಯಾಲೆ ಮಾತ್ರ ನನ್ನ ಸುದ್ದಿಗೆ ಬರಬ್ಯಾಡ್ರಿ." ತೋಳು ಮಡಿಸಿ ಮೆಹಜಬೀನಳ ಮುಂದೆ ಕೂತೇಬಿಟ್ಟ.

ತಪ್ಪು! ಪೂರಾ ತಪ್ಪು! ಮಲ್ಲೇಶ್ವರಿಯ ಮೈಯೆಲ್ಲ ಉರಿಯಿತು. ಮೂರೇ ಮರಿ ನೋಡಿ ತೀರ್ಮಾನ ಮಾಡಬಾರದು ಎನ್ನಲು ಹೊರಟಳು. ಅಷ್ಟರಲ್ಲಿ ಓಬಳೆಪ್ಪ ಬಾಯಿ ಹಾಕಿದ: "ಅಲ್ರೀ ಸಾವ್ಕಾರ್ರ, ಇನ್ನೂ ನೂರು ತತ್ತಿ ಇದ್ದೂವ್ರಿ, ನಾ ಗೋಲಿ ತಗದು—"

"ಓಬಳೆಪ್ಪ, ಚಾ ತಗೊಂಬಾ ಹೋಗು!"

ಸೂಜಿ ಚುಚ್ಚಿತು. ಸೀಸೆ ತುಂಬುವವರೆಗೂ ಅವಳು ಹಲ್ಲು ಕಚ್ಚಿಕೊಂಡು ನಿಂತಳು. ಯಾರಿಗೆ ತಿಳಿಹೇಳಬೇಕೆಂದು ಅವಳು ವರ್ಷಗಟ್ಟಲೆ ಒದ್ದಾಡಿದ್ದಳೋ ಆ ಮನುಷ್ಯ ತಿಳಿಯದೆಯೇ ಕೈ ಚಾಚಿದ್ದ. ಚಾಚಲಿ, ಎಂದುಕೊಂಡಳು. ಗೀತಾಳಿಗೆ ಬೇಕಿದ್ದದ್ದು ಅವನ ರಕ್ತ.

ಮೆಹಜಬೀನ ಡಬ್ಬಿ ಮುಚ್ಚಿಕೊಂಡು ಎದ್ದಳು. ಕೊಟ್ರೇಶ ತೋಳಿನ ಮೇಲೆ ಹತ್ತಿ ಒತ್ತಿಕೊಂಡು ತೊಟ್ಟಿಯ ಹತ್ತಿರ ಹೋಗಿ ನಿಂತ.

"ಇದ್ರಾಗ ಗಂಡು ಯಾವುದ್ರಿ?"

"ಆ ತೆಳ್ಳಂದು. ಹೆಣ್ಣಿನ ಬೆನ್ನು ಹತ್ತೈತಲ್ಲ, ಅದು."

"ಭಾಳ ಗಟ್ಟಿ ಐತ್ರಿ."

"ಹೂಂ. ಗಟ್ಟಿ ಐತಿ."

ಕೊಟ್ರೇಶ ಗಾಜಿನ ಹತ್ತಿರ ಬಗ್ಗಿ ಅದನ್ನೇ ನೋಡಿದ. ನಗು ಯಾವಾಗಲೋ ನಿಂತಿತ್ತು. "ತನ್ನ ಮೈಯಾಗ ಐತಿ ಅಂತ ಅದಕ್ಕ ಗೊತ್ತಿರ್ತೈತೇನ್ರಿ, ಅಕ್ಕಾರ?"

"ಇಲ್ಲ, ಕೊಟ್ರೇಶಪ್ಪ," ಎಂದಳು. "ಅದಕ್ಕ ಗೊತ್ತಿರೂದಿಲ್ಲ."

"ರಕ್ತ ನಿಂತೈತ್ರಿ, ಇನ್ನ ಹತ್ತಿ ಬಿಡ್ರಿ," ಎಂದು ಮೆಹಜಬೀನ ಬಾಗಿಲಿನಿಂದ ಹೇಳಿದಳು. ಅವನು ಹಾಗೇ ಒತ್ತಿ ಹಿಡಿದುಕೊಂಡು ನಿಂತಿದ್ದ.